ಏಳಂಕಿಯ ವಿಳಾಸ

"ಈ ನಂಬರ್ ನಿಮ್ದೇನ್ರಿ?"

ನನ್ನ ಪುಸ್ತಕದಂಗಡಿಯ ಮೆಟ್ಟಿಲ ಮೇಲೆ ಪಾರ್ಸಲ್ ಇಳಿಸುತ್ತ ಪೋಸ್ಟ್‌ಮನ್ ದಾದಾಪೀರ್ ಕೇಳಿದರು. ಪಾರ್ಸಲ್ ಮೇಲೆ ಏಳು ಅಂಕಿಯ ಸಂಖ್ಯೆ, ಕೆಳಗೆ ಇಳಕಲ್, ಅಷ್ಟೇ ಇತ್ತು. ಪುಸ್ತಕ ವ್ಯಾಪಾರದಲ್ಲಿ ಅಂಗಡಿಯ ವಿಳಾಸಕ್ಕೆಂದು ಕೊಡುವ ಸಂಖ್ಯೆ ಅದು. ಇನ್ನು ವಿಳಾಸ ಯಾಕೆಂದು ಗೈಡ್‌ಗಳ ಆರ್ಡರಿನಲ್ಲಿ ಊರಿನ ಹೆಸರಿನ ಜೊತೆ ಅದನ್ನಷ್ಟೇ ಬರೆದಿದ್ದೆ. ಇತ್ತ ಹತ್ತನೆಯ ತರಗತಿಯ ಮಕ್ಕಳು ಪರೀಕ್ಷೆಯ ಗೈಡ್‌ಗಾಗಿ ದಿನಾ ಬಂದು ಬರಿಗೈಯಲ್ಲಿ ಹೋಗುತ್ತಿದ್ದರು.

"ಫೋನ್ ನಂಬರ್ ಅಂತ ಹಚ್ಚಿದ್ನಿ, ಹತ್ತಲಿಲ್ಲ. ಮಗ್ಗದ ನಂಬರ್ ಇರಬೇಕಂತ ನೇಕಾರ ಓಣಿ ಪೂರಾ ತಿರಗಿದ್ನಿ. ಕಡೀಕ ಪಾರ್ಸಲ್ಲಿನ ಹರಿದ ಮೂಲ್ಯಾಗ ಗೈಡ್ ಕಾಣ್ತು, ಇಲ್ಲಿಗೆ ಬಂದ್ನಿ. ಅಲ್ರಿ ಅಣ್ಣಾರ, ನಿಮಗ ಹೆಸರಿಲ್ಲೇನ್ರಿ?"

ಆ ಸಂಖ್ಯೆಯನ್ನು ಈಗಲೂ ಬರೆಯುತ್ತೇನೆ. ಕೆಳಗೆ 'ದಾದಾಪೀರ್‌ಗೆ ಗೊತ್ತು' ಎಂದು ಸೇರಿಸುತ್ತೇನೆ. ಪಾರ್ಸಲ್ ನೇರ ಮೆಟ್ಟಿಲಿಗೇ ಬರುತ್ತದೆ.