ಮಗ್ಗದ ಗುಂಡಿಯಿಂದ ಎದ್ದು ಬಂದವಳು

ಮೊನ್ನೆ ಮೊಮ್ಮಗಳು ತನ್ನ ಹತ್ತಿ ಸೀರೆಗೆ ಹಾಕಲೆಂದು ಅಕ್ಕಿ ಗಂಜಿ ಕಾಯಿಸುತ್ತಿದ್ದಳು. ಆ ವಾಸನೆ ನಡುಮನೆಗೆ ಬಂದದ್ದೇ ತಡ, ನಾನು ದೊಡ್ಡಬಳ್ಳಾಪುರದ ನಮ್ಮ ಹಳೇ ಬೀದಿಗೆ ಹೋಗಿಬಿಟ್ಟೆ. ಬೆಳಗಾದರೆ ಬೀದಿಯುದ್ದಕ್ಕೂ ನೂಲು ಚಾಚಿ ಗಂಜಿ ಹಚ್ಚುತ್ತಿದ್ದರು. ಮನೆಮನೆಯಲ್ಲೂ ಕೈಮಗ್ಗ. ಪಕ್ಕದ ಮನೆಯ ಮಗ್ಗದಲ್ಲಿ ಕೂತು ನೇಯುತ್ತಿದ್ದವಳನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ…

ನನಗಿಂತ ಒಂದೆರಡು ವರ್ಷ ದೊಡ್ಡವಳು. ತಾಯಿ ಇರಲಿಲ್ಲ. ಎಳೆಯದರಲ್ಲಿ ಬಂದ ಜ್ವರದಿಂದ ಎಡಗಾಲು ಸೊರಗಿ ಗಿಡ್ಡವಾಗಿ ಉಳಿದಿತ್ತು. ನಡೆದರೆ ಇಡೀ ಮೈ ಒಂದು ಪಕ್ಕಕ್ಕೆ ವಾಲುತ್ತಿತ್ತು. ಆದರೆ ಮಗ್ಗಕ್ಕೆ ಕೂತಳೆಂದರೆ ಬೀದಿಯ ಗಂಡಸರೂ ಅವಳು ನೇಯ್ದ ಅಂಚು ನೋಡಲು ಬರುತ್ತಿದ್ದರು. ಅದೆಲ್ಲ ಸರಿ, ಮದುವೆ ಮಾತ್ರ ಕೂಡಿಬರಲಿಲ್ಲ. ಅವಳು ಕಾಫಿ ಲೋಟ ಹಿಡಿದು ನಡೆದು ಬರುವುದನ್ನು ನೋಡಿದ ಗಂಡಿನ ಕಡೆಯವರು "ಊರಿಗೆ ಹೋಗಿ ತಿಳಿಸ್ತೀವಿ" ಅಂದು ಹೋದರೆ ಹೋದವರೇ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ, ನೂಲು ಸಿಗುವುದೇ ಕಷ್ಟ. ಅಂಥದ್ದರಲ್ಲಿ ನೆಲಮಂಗಲದ ಕಡೆಯಿಂದ ಇನ್ನೊಂದು ಸಂಬಂಧ ಬಂತು. ಅವರೂ ನೇಯುವವರೇ. ನಮ್ಮವರಲ್ಲಿ ಹೆಣ್ಣಿನ ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದರು. ನೇಯುವ ಹುಡುಗಿಯಾದರೆ ಮಗ್ಗದಲ್ಲೇ ನೋಡುವುದೂ ಇತ್ತು. ಅಕ್ಕನ ಅಪ್ಪನಿಗೆ ಇದರಿಂದಲೇ ಒಂದು ಉಪಾಯ ಹೊಳೆಯಿತು. ನೇಯುವವರು ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಅಲ್ಲಿನ ಹಲಗೆ ತುಳಿಯುತ್ತಾ ಕೂರಬೇಕಲ್ಲ. ಗಂಡಿನವರು ಬರುವ ಮುಂಚೆಯೇ ಮಗಳನ್ನು ಕೂರಿಸಿ, ಹೋಗುವ ತನಕ ಏಳಿಸದೇ ಇದ್ದರೆ ಕಾಲು ಯಾರ ಕಣ್ಣಿಗೂ ಬೀಳುವುದಿಲ್ಲ! ಪಾಪ, ಕೆಟ್ಟವರಲ್ಲ ಅವರು. ಮಗಳ ಚಿಂತೆಯಲ್ಲಿ ಹಣ್ಣಾಗಿದ್ದರು.

ಉಪಾಯ ಕೇಳಿ ಅಕ್ಕ ನನ್ನ ಹತ್ತಿರ ಬಂದು ನಕ್ಕಳು. "ಧಾರೆಗೆ ಮಗ್ಗಾನೂ ಹೊತ್ಕೊಂಡು ಹೋಗ್ತಾರೇನೇ?" ಅಂದಳು. ಆಮೇಲೆ ನಗು ನಿಂತುಹೋಯಿತು. "ಇದೂ ತಪ್ಪಿದ್ರೆ ಅಪ್ಪ ತಡ್ಕೊಳ್ಳಲ್ಲ ಕಣೇ."

ಹುಡುಗ ಮತ್ತು ಅವನ ತಾಯಿ, ಪೆಟ್ರೋಲಿಲ್ಲದ ಆ ದಿನಗಳಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿಳಿದು ಬಂದರು. ಆ ಬಸ್ಸಿನ ಪುಣ್ಯದಿಂದ ಹುಡುಗನ ಬಿಳಿ ಪಂಚೆ ಬೂದಿ ಬಣ್ಣಕ್ಕೆ ತಿರುಗಿತ್ತು. ಅಕ್ಕ ಗುಂಡಿಯಲ್ಲಿ ಕೂತು ನೇಯುತ್ತಿದ್ದಳು, ನಾನು ಪಕ್ಕದಲ್ಲಿ ನೂಲು ಸುತ್ತುತ್ತಾ ಕೂತಿದ್ದೆ. ಹುಡುಗನ ತಾಯಿ ಲಾಳಿ ಓಡುವುದನ್ನೇ ನೋಡಿದರು, ಅಂಚಿನ ಮೇಲೆ ಬೆರಳಾಡಿಸಿದರು, ಮುಖ ಅರಳಿತು. ಅಕ್ಕನ ಅಪ್ಪ ತಾಂಬೂಲದ ತಟ್ಟೆ ತರಲು ಏಳುವಷ್ಟರಲ್ಲಿ ಅಕ್ಕ ಲಾಳಿ ಬದಿಗಿಟ್ಟಳು.

"ಅಮ್ಮಾ, ನೀವು ನಮ್ಮೂರ ಪಾರ್ಕು ನೋಡಿಲ್ವಲ್ಲ. ಹೊಳೆ ದಂಡೇಲೇ ಇದೆ. ಎಲ್ಲಾರೂ ನಡ್ಕೊಂಡು ಹೋಗ್ಬರೋಣ ಬನ್ನಿ. ಎಲೆ ಅಡಿಕೆ ಆಮೇಲೆ."

ಎರಡೂ ಕೈ ನೆಲಕ್ಕೂರಿ ಗುಂಡಿಯಿಂದ ಮೇಲೆ ಬಂದಳು. ತಟ್ಟೆ ತರಲು ಎದ್ದ ಅವಳ ಅಪ್ಪ ಅಲ್ಲೇ ನಿಂತುಬಿಟ್ಟರು.

ಅರ್ಕಾವತಿಯ ದಂಡೆಯಲ್ಲಿ ಆಗಷ್ಟೇ ಪಾರ್ಕು ಮಾಡಿದ್ದರು. ಕಣಗಿಲೆ ಗಿಡಗಳು, ಕೆಮ್ಮಣ್ಣಿನ ದಾರಿ, ಕಲ್ಲು ಬೆಂಚು. ಸಂಜೆಯಾದರೆ ಸಂಸಾರವಂದಿಗರು ಮಕ್ಕಳನ್ನು ಕರೆದುಕೊಂಡು ಬಂದು ಕಡಲೆಕಾಯಿ ತಿನ್ನುತ್ತಾ ಅಡ್ಡಾಡುತ್ತಿದ್ದರು. ಅಂಥ ಜನದ ನಡುವೆ ಅಕ್ಕ ಎಲ್ಲರಿಗಿಂತ ಮುಂದೆ ನಡೆದಳು. ಅವಸರವಿಲ್ಲ, ಸೀರೆಯ ನೆರಿಗೆ ಎಳೆದು ಕಾಲು ಮುಚ್ಚುವುದಿಲ್ಲ. ಮೈ ವಾಲುತ್ತಿತ್ತು, ವಾಲಲಿ ಎಂದು ಬಿಟ್ಟಿದ್ದಳು. ನಡುನಡುವೆ ತಿರುಗಿ ನಿಂತು, "ಅಗೋ, ಅಲ್ಲಿ ಕಾಣೋದೇ ನಂದಿ ಬೆಟ್ಟ" ಅಂತ ಅತಿಥಿಗಳಿಗೆ ತೋರಿಸುತ್ತಿದ್ದಳು. ಒಂದು ಹೆಜ್ಜೆ ಹಿಂದೆಯೇ ನಾನಿದ್ದೆ. ಹೇಳಲೇಬೇಕು, ಅವಳ ಜೊತೆ ನಡೆಯುತ್ತಿದ್ದೇನೆಂಬ ಹೆಮ್ಮೆಗೆ ನನ್ನ ಎದೆ ಉಬ್ಬಿಹೋಗಿತ್ತು.

ಹುಡುಗನ ತಾಯಿ ಕೊನೆಯ ಬೆಂಚಿನ ಮೇಲೆ ಕೂತು, "ಬಾರವ್ವ ಇಲ್ಲಿ, ಕಾಲು ತೋರ್ಸು" ಅಂದರು. ಅಕ್ಕನ ಅಪ್ಪ ಮುಖ ಆಚೆ ತಿರುಗಿಸಿಕೊಂಡರು. ಅಕ್ಕ ಪಕ್ಕದಲ್ಲಿ ಕೂತು ಕಾಲು ಚಾಚಿದಳು. ಆಕೆ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಕೈಯಲ್ಲೇ ಅಳೆದು ನೋಡಿದರು.

"ನಮ್ಮನೆ ಮಗ್ಗದ ಗುಂಡಿ ಆಳ. ಈ ಕಾಲು ಎಟುಕಲ್ಲ. ಒಂದು ಗೇಣು ಮಣ್ಣು ತುಂಬಿಸ್ಬೇಕು," ಅಂದು ಮಗನ ಕಡೆ ತಿರುಗಿದರು. "ಏನಪ್ಪಾ, ತುಂಬಿಸ್ತೀಯಾ?"

"ನಾಳೇನೇ ತುಂಬಿಸ್ತೀನವ್ವ," ಅಂದ ಹುಡುಗ. ಬಂದಾಗಿನಿಂದ ಅವನು ಬಾಯಿ ಬಿಟ್ಟದ್ದು ಅದೇ ಮೊದಲು. ಅಕ್ಕನ ಅಪ್ಪ ಹೆಗಲ ಮೇಲಿನ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಎಲೆ ಅಡಿಕೆ ಮನೆಯಲ್ಲೇ ಉಳಿದಿತ್ತು. ಅದನ್ನು ತರಲು ನಾನು ಓಡಿದೆ…

ಹೋದ ಕಾರ್ತೀಕದಲ್ಲಿ ಅಕ್ಕ ತೀರಿಕೊಂಡಳು. ತಿಥಿಗೆ ಹೋಗಿದ್ದಾಗ ಈ ಕಥೆಯನ್ನು ಅವಳ ಮೊಮ್ಮಕ್ಕಳಿಗೆ ಹೇಳಿದೆ. ದೊಡ್ಡ ಮೊಮ್ಮಗಳು ಕಣ್ಣರಳಿಸಿ ಕೂತಳು. "ಅಜ್ಜಿ ವಾಲ್ಕೊಂಡು ನಡೆಯೋದು ವಯಸ್ಸಾಗಿ ಅಂದ್ಕೊಂಡಿದ್ವಿ. ಅಜ್ಜಿ ಒಂದು ದಿನಾನೂ ಹೇಳ್ಲಿಲ್ವಲ್ಲ!"

ಅವಳೇಕೆ ಹೇಳುತ್ತಾಳೆ? ಅವಳ ಲೆಕ್ಕದಲ್ಲಿ ಅದು ಅತಿಥಿಗಳಿಗೆ ಪಾರ್ಕು ತೋರಿಸಿದ ಒಂದು ಸಂಜೆ, ಅಷ್ಟೇ. ಅವಳ ಅಪ್ಪ, ಅವಳ ಅತ್ತೆ, ಬೂದಿ ಬಣ್ಣದ ಪಂಚೆಯ ಆ ಹುಡುಗ, ಈಗ ಅವಳೂ… ಆ ಸಂಜೆ ಹೊಳೆ ದಂಡೆಯಲ್ಲಿ ಅವಳ ಹಿಂದೆ ನಡೆದವರಲ್ಲಿ ಉಳಿದಿರುವುದು ನಾನೊಬ್ಬಳೇ. ಅದಕ್ಕೇ ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.