ಹುಳದ ಮನೆಯ ಮಲ್ಲಿಗೆ

ಉದ್ದನಪಲ್ಲಿ ಹೊಲದಲ್ಲಿರುವ ನಮ್ಮ ಹಳೇ ಹುಳದ ಮನೆಯನ್ನು ಹೂಕುಂಡಗಳಿಗೆ ಮಣ್ಣು ತುಂಬುವ ಶೆಡ್ ಮಾಡುತ್ತಿದ್ದೇನೆ. ಇವತ್ತು ನೆಲ ತೊಳೆದಾಗ ಹಿಪ್ಪುನೇರಳೆ ಸೊಪ್ಪಿನ ಅದೇ ವಾಸನೆ ಎದ್ದಿತು.

ನಾನು ಚಿಕ್ಕವಳಿದ್ದಾಗ ಅಪ್ಪ ಇಲ್ಲಿ ರೇಷ್ಮೆಹುಳ ಸಾಕುತ್ತಿದ್ದ. ಅಮ್ಮ ಮಲ್ಲಿಗೆ ಮುಡಿದು ಬಂದರೆ ಬಾಗಿಲಲ್ಲೇ ಗದರುತ್ತಿದ್ದ: "ಹೂ ತೆಗ್ದು ಬಾರೇ, ವಾಸ್ನೆಗೆ ಹುಳ ಸೊಪ್ಪು ಮುಟ್ಟಾಕಿಲ್ಲ." ಅಮ್ಮ ಹೂವನ್ನು ಬೇಲಿಗೆ ಸಿಕ್ಕಿಸಿ, ಕಾಲು ತೊಳೆದು ಒಳಗೆ ಹೋಗುತ್ತಿದ್ದಳು. ಸೊಪ್ಪು ಹಾಕಿ ಹೊರಬರುವಷ್ಟರಲ್ಲಿ ಹೂ ಬಾಡಿರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಹುಳ ಸಾಕುವುದೂ ನಿಂತಿತು, ಅಮ್ಮ ಹೂ ಮುಡಿಯುವುದೂ ನಿಂತಿತು.

ಸಂಜೆ ಮೊದಲ ಮಲ್ಲಿಗೆ ಕುಂಡ ಒಳಗಿಟ್ಟೆ. ಅಮ್ಮ ಕಾಲು ತೊಳೆದುಕೊಂಡೇ ಬಂದಳು. ಒಂದು ಹೂ ಕಿತ್ತುಕೊಟ್ಟು, "ಈಗ ಹುಳ ಎಲ್ಲಿ ಅವೆ, ಮುಡ್ಕೊಮ್ಮಾ" ಅಂದೆ.

"ಸುಮ್ಕಿರವ್ವ, ಈಗ್ಯಾಕೆ" ಅಂದಳು. ಹೊರಗೆ ಹೋಗಿ ಅದನ್ನು ಬೇಲಿಗೆ ಸಿಕ್ಕಿಸಿದಳು.