ದೊಡ್ಡಪ್ಪನ ಎಡೆಗೆ ಹಳೇ ಚುರುಟು

ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಪಕ್ಕಕ್ಕೆ ಬಂದು ಬೀಡಿ ಹಚ್ಚಿದರೆ ಸಾಕು, ಎದೆಯ ಎಕ್ಸ್‌ರೇ ತೆಗೆಸಿಬಿಡುವುದು ಒಳ್ಳೆಯದೇನೋ ಎಂದು ವಾರವೆಲ್ಲ ಯೋಚಿಸುವವರ ಪೈಕಿ ನಾನು. ಅಂಥವನು ಈ ಸಲದ ಮಹಾಲಯ ಅಮಾವಾಸ್ಯೆಗೆ ಮುಂಚೆ, ಮೈಸೂರಿನ ಒಂದು ಅಂಗಡಿಯಲ್ಲಿ ಗಾಜಿನ ಬೀರುವಿನ ಎದುರು ನಿಂತು, ಹಳೆಯ ಚುರುಟಿಗೆ ಹೆಚ್ಚು ದುಡ್ಡು ಕೊಡುವುದು ಸರಿಯೋ ತಪ್ಪೋ ಎಂದು ಬೆವರುತ್ತಿದ್ದೆ. ನಾಗಮಂಗಲದಲ್ಲಿ ಮಕ್ಕಳಿಗೆ ಕಾಮರ್ಸ್ ಪಾಠ ಮಾಡುವುದು ನನ್ನ ಕೆಲಸ. ಬೇಡಿಕೆ ಇದ್ದಲ್ಲಿ ಬೆಲೆ ಏರುತ್ತದೆ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತಲೇ ತಲೆ ನರೆತಿದೆ. ಬೇಡಿಕೆ ಇಟ್ಟವರು ತೀರಿಕೊಂಡು ಎಷ್ಟೋ ವರ್ಷವಾಗಿದ್ದರೆ ಗೆರೆ ಎತ್ತ ಹೋಗುತ್ತದೆ ಎಂಬುದು ನಮ್ಮ ಪುಸ್ತಕದಲ್ಲಿಲ್ಲ.

ಚುರುಟು ಬೇಕಾಗಿದ್ದು ನಮ್ಮ ದೊಡ್ಡಪ್ಪನಿಗೆ. ಅವರು ಕೆ.ಆರ್.ಎಸ್.ನ ಒಂದು ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ಇಳಿದುಕೊಂಡ ದೊಡ್ಡ ಮನುಷ್ಯರು ಊಟ ಮೆಚ್ಚಿ ಹೋಗುವಾಗ ಕೈಗೆ ಒಂದು ಚುರುಟು ಇಟ್ಟು ಹೋಗುತ್ತಿದ್ದರಂತೆ. ಬೇರೆ ಅಡುಗೆಯವರು ಆ ಹೊತ್ತಿಗೇ ಹಿತ್ತಿಲಲ್ಲಿ ಹಚ್ಚಿ ಮುಗಿಸುತ್ತಿದ್ದರು. ನಮ್ಮ ದೊಡ್ಡಪ್ಪ ಮಾತ್ರ ಅದನ್ನು ಕ್ಯಾತನಹಳ್ಳಿಯ ಮನೆಗೆ ತಂದು, ತಗಡಿನ ಡಬ್ಬಿಗೆ ಹಾಕಿ, ಡಬ್ಬಿಯನ್ನು ತಮ್ಮ ಮದುವೆಯ ಪಂಚೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತಿದ್ದರು. ಆಗೊಮ್ಮೆ ಈಗೊಮ್ಮೆ ಪೆಟ್ಟಿಗೆ ತೆಗೆದು ಒಂದೊಂದನ್ನೇ ಮೂಗಿಗೆ ಹಿಡಿಯುವರು. "ಇದುಕ್ಕಿನ್ನೂ ಉಡುಗ್‌ಬುದ್ದಿ ಓಗಿಲ್ಲ ಕಣ್ಲಾ, ಮೂಗಿಗೆ ಚುಚ್ತದೆ" ಎಂದು ನನಗೆ ಹೇಳಿ ವಾಪಸು ಇಡುವರು. ವರ್ಷಗಳು ಕಳೆದ ಮೇಲೆ ಅದೇ ಚುರುಟಿಗೆ, "ಈಗ ಬುದ್ದಿ ಬಂದದೆ." ನನಗೂ ಈಗ ಐವತ್ತಾಯಿತು. ಅವರ ಮೂಗಿಗೆ ನನ್ನನ್ನು ಹಿಡಿದರೆ ಇನ್ನೂ ಪೆಟ್ಟಿಗೆಗೇ ವಾಪಸು ಹಾಕುತ್ತಿದ್ದರೇನೋ.

ಬುದ್ಧಿ ಬಂದ ಚುರುಟನ್ನೂ ಅವರು ಕಂಡ ಕಂಡ ದಿನ ಸೇದುತ್ತಿರಲಿಲ್ಲ. ಕನ್ನಂಬಾಡಿ ಕಟ್ಟೆ ತುಂಬಿ ನೀರು ಬಿಟ್ಟ ಸುದ್ದಿ ಬಂದ ಸಂಜೆ, ನಡುಮನೆಯಲ್ಲಿ ಗೋಡೆಗೆ ಒರಗಿ ಕೂತು ಹಚ್ಚುವರು. ಬೂದಿ ಉದುರಿಸಲು ಏಳುವ ಮನುಷ್ಯ ಅಲ್ಲ. ದೊಡ್ಡವ್ವ ತೆಂಗಿನ ಕರಟವನ್ನು ಹಿಡಿದು ಹಿಂದೆ ಮುಂದೆ ಓಡಾಡುವರು.

"ಸಾರ್ಸಿದ್ ನೆಲ. ಬೂದಿ ಬೀಳಿಸ್‌ಬ್ಯಾಡಿ."

"ಬೀಳಾಕಿಲ್ಲ ಬುಡು. ಇದು ಅಳೇ ಚುಟ್ಟ, ಬೂದಿ ಗಟ್ಟಿ ಇರ್ತದೆ."

ಅಷ್ಟು ಹೇಳುವುದರೊಳಗೆ ಬಿದ್ದಿರುತ್ತಿತ್ತು. ದೊಡ್ಡವ್ವ ಬೈದುಕೊಂಡು ಒರೆಸುವರು. ಹೊಗೆಯನ್ನು ಮಾತ್ರ ಎಂದೂ ಬೈದವರಲ್ಲ.

ದೊಡ್ಡಪ್ಪ ಹೋದ ಮೇಲೆ ಹಿರಿಯರ ಹಬ್ಬದಲ್ಲಿ ಅವರಿಗೆ ಎಡೆ ಇಡುವಾಗ ಮುದ್ದೆ, ಬಾಡಿನ ಸಾರು, ಹೊಸ ಪಂಚೆಯ ಜೊತೆಗೆ ಚುರುಟನ್ನೂ ಇಡುವುದು ಪದ್ಧತಿಯಾಯಿತು. ನಮ್ಮ ಕಡೆ ಎಡೆ ಎಂದರೆ ಹೋದವರು ಬದುಕಿದ್ದಾಗ ಏನನ್ನು ಇಷ್ಟಪಡುತ್ತಿದ್ದರೋ ಅದು. ಎಡೆ ಇಟ್ಟು, ಬಾಗಿಲು ಮುಂದಕ್ಕೆ ಎಳೆದು, ಎಲ್ಲರೂ ಜಗಲಿಗೆ ಬಂದುಬಿಡುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಚುರುಟನ್ನು ಹಚ್ಚದೆ ಇಟ್ಟರೆ ಅವರು ಬೆಂಕಿಪೊಟ್ಟಣ ಎಲ್ಲಿ ಹುಡುಕುತ್ತಾರೆ? ಹಾಗಾಗಿ ಯಾರಾದರೂ ಒಂದು ದಮ್ಮು ಎಳೆದು ಹಚ್ಚಿ ಇಡಬೇಕು. ದೊಡ್ಡಪ್ಪನಿಗೆ ಇದ್ದವಳು ಒಬ್ಬಳೇ ಮಗಳು, ನನ್ನ ಅಕ್ಕ. ಅವಳ ಗಂಡ, ಅಂದರೆ ನನ್ನ ಭಾವ, "ರಕ್ತ ಸಂಬಂಧದೋರೇ ಅಚ್ಬೇಕು" ಎಂದು ಒಂದು ಶಾಸ್ತ್ರ ಹುಟ್ಟುಹಾಕಿ ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ವರ್ಷಕ್ಕೊಂದು ದಮ್ಮು. ಎಳೆದೆ. ಒಮ್ಮೆಯೂ ಕೆಮ್ಮಲಿಲ್ಲ. ಅದು ನನ್ನ ಧೈರ್ಯ ಎಂದುಕೊಂಡಿದ್ದೆ.

ಪೆಟ್ಟಿಗೆಯಲ್ಲಿದ್ದ ಚುರುಟುಗಳು ಹೀಗೆ ಎಡೆಗೆ ಬಂದು ಬಂದು ಮುಗಿದವು. ಹೋದ ವರ್ಷ ಭಾವ ಎಲ್ಲಿಂದಲೋ ಒಂದು ಹೊಸದನ್ನು ತಂದರು. ಹಚ್ಚಿದೆ. ಗಂಟಲಿಗೆ ಯಾರೋ ಹಸಿ ಮೆಣಸಿನಕಾಯಿ ತಿಕ್ಕಿದ ಹಾಗಾಯಿತು. ಎಡೆಯ ಮುಂದೆ ಕೂತು ನಾನು ಕೆಮ್ಮಿದ ಕೆಮ್ಮಿಗೆ ದೀಪ ಆರಿತು. ಕರಟ ಹಿಡಿದು ಹೊಸ್ತಿಲ ತನಕ ಬಂದಿದ್ದ ದೊಡ್ಡವ್ವ ಒಳಗೆ ಕಾಲಿಡಲಿಲ್ಲ. ಮೂಗು ಎತ್ತಿ ಒಂದು ಸಲ ಉಸಿರೆಳೆದು, ಕರಟದ ಸಮೇತ ಹಿಂದಕ್ಕೆ ಹೋದರು. ಬಾಗಿಲು ತೆಗೆದು ಊಟಕ್ಕೆ ಕೂತಾಗ ಮುದ್ದೆ ಮುರಿಯದೆ ಸುಮ್ಮನೆ ಕೂತಿದ್ದರು.

"ಯಾಕವ್ವ?" ಎಂದಳು ಅಕ್ಕ.

"ಅವ್ರು ಬರ್ನಿಲ್ಲ" ಎಂದರು.

ಅಷ್ಟೇ ಮಾತು. ಅಳಲಿಲ್ಲ, ದೂರಲಿಲ್ಲ. ಬಸ್ಸು ತಪ್ಪಿದವರ ವಿಷಯ ಹೇಳುವ ಹಾಗೆ ಹೇಳಿದರು. ವರ್ಷಕ್ಕೆ ಒಂದು ದಿನ ಬರುವ ಗಂಡ ಆ ದಿನವೂ ಬರಲಿಲ್ಲವೆಂದರೆ ಮುಂದಿನ ವರ್ಷದ ತನಕ ಆಕೆ ಕಾಯಬೇಕು. ನನ್ನ ನಿದ್ದೆ ಕೆಡಿಸಲು ಇಷ್ಟೇ ಬೇಕಾದಷ್ಟಾಯಿತು. ಈ ವರ್ಷದ ಚುರುಟು ನನ್ನ ಜವಾಬ್ದಾರಿ ಎಂದು ನಾನೇ ಬಾಯಿಬಿಟ್ಟು ಹೇಳಿಕೊಂಡೆ.

ಹಾಗೆ ಮೈಸೂರಿನ ಅಂಗಡಿಗೆ ಬಂದೆ. ಅಂಗಡಿಯವರು ಎರಡು ಚುರುಟು ತೆಗೆದು ಮುಂದಿಟ್ಟರು.

"ಇದು ಹೊಸದು ಸಾರ್. ಇದು ಅದೇ ಎಲೆ, ಅದೇ ಕಂಪನಿ, ಬಹಳ ವರ್ಷ ಇಟ್ಟಿದ್ದು. ಸ್ವಲ್ಪ ಜಾಸ್ತಿ ಆಗುತ್ತೆ."

ಸ್ವಲ್ಪ ಅಲ್ಲ, ಬಹಳ ಜಾಸ್ತಿಯೇ ಆಗುತ್ತಿತ್ತು. "ಅಂದರೆ ಮಾರಾಟ ಆಗದೆ ಉಳಿದದ್ದು?" ಎಂದೆ.

"ಉಳಿದದ್ದಲ್ಲ ಸಾರ್, ಉಳಿಸಿದ್ದು. ತೇವ ಹದವಾಗಿ ನೋಡ್ಕೊಂಡು ಇಡಬೇಕು. ಎಲೆಯ ಘಾಟು ನಿಧಾನಕ್ಕೆ ಇಳಿಯುತ್ತೆ."

"ಎಕ್ಸ್‌ಪೈರಿ ಡೇಟು?"

ಅವರು ಎರಡು ಚುರುಟನ್ನೂ ತಮ್ಮ ಕಡೆಗೆ ಎಳೆದುಕೊಂಡರು. "ಸೇದೋರು ಯಾರು ಸಾರ್?"

"ನಮ್ಮ ದೊಡ್ಡಪ್ಪ."

"ಅವರನ್ನೇ ಒಂದ್ಸಲ ಕರ್ಕೊಂಡು ಬನ್ನಿ. ಅವರೇ ನೋಡಿ ಆರಿಸಲಿ."

"ಅದು ಕಷ್ಟ."

"ಓಡಾಟ ಕಡಿಮೆ ಮಾಡಿದ್ದಾರಾ?"

"ಪೂರ್ತಿ ನಿಲ್ಲಿಸಿದ್ದಾರೆ" ಎಂದೆ.

ಕೊನೆಗೆ ಎರಡನ್ನೂ ಕೊಂಡೆ. ಹಳೆಯದು ನಿಜವಾಗಿ ಹಳೆಯದಲ್ಲದಿದ್ದರೆ? ಹಳೆಯದಾಗಿದ್ದೂ ವ್ಯತ್ಯಾಸವೇ ಇಲ್ಲದಿದ್ದರೆ? ಪಕ್ಕದಲ್ಲಿ ಹೊಸದೊಂದು ಇದ್ದರೆ ಹೋಲಿಸಬಹುದಲ್ಲ, ಎನ್ನುವುದು ನನ್ನ ಲೆಕ್ಕಾಚಾರ. ಹಳೆಯದಕ್ಕೆ ಕೆಂಪು ಕಾಗದದ ಪಟ್ಟಿ, ಹೊಸದಕ್ಕೆ ಹಳದಿ ಪಟ್ಟಿ. ಪಾಂಡವಪುರದವರೆಗೂ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಯಾರೂ ಒರಗದ ಹಾಗೆ ಮೊಣಕೈ ಅಗಲಿಸಿ ಕೂತಿದ್ದೆ. ಪಕ್ಕದಲ್ಲಿದ್ದವರು ಚೀಲದಲ್ಲಿ ಮೊಟ್ಟೆ ಇದೆ ಎಂದುಕೊಂಡು ಪಾಪ, ತಾವೇ ಸರಿದು ಕೂತರು.

ಕ್ಯಾತನಹಳ್ಳಿ ತಲುಪಿ ಪೊಟ್ಟಣವನ್ನು ದೊಡ್ಡವ್ವನ ಕೈಗೆ ಕೊಟ್ಟು, "ಕೆಂಪು ಪಟ್ಟಿದು ಎಡೆಗೆ" ಎಂದು ಹೇಳಿ, ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ. ಬರುವಷ್ಟರಲ್ಲಿ ಎರಡು ಚುರುಟೂ ವೀಳ್ಯದೆಲೆಯ ಪಕ್ಕ ತಟ್ಟೆಯಲ್ಲಿ ಬೆತ್ತಲೆ ಮಲಗಿದ್ದವು. ಎರಡೂ ಪಟ್ಟಿಗಳು ಒಲೆಯ ಪಾಲಾಗಿದ್ದವು.

"ದೊಡ್ಡವ್ವ, ಪಟ್ಟಿ ಯಾಕೆ ಕಿತ್ತಿರಿ?"

"ಎಡೆಗೆ ಅಂಗ್ಡಿ ಗುರ್ತು ಇರ್ಬಾರ್ದು ಕಣಪ್ಪ."

ಇದು ಆ ಮನೆಯ ಕಟ್ಟಳೆ, ನನಗೆ ಗೊತ್ತಿದ್ದದ್ದೇ. ಪಂಚೆಯ ಚೀಟಿ ಕಿತ್ತು, ಬಿಸ್ಕತ್ತನ್ನು ಪೊಟ್ಟಣದಿಂದ ಬಿಡಿಸಿಯೇ ಇಡುತ್ತಾರೆ. ದೊಡ್ಡಪ್ಪನಿಗೆ ಯಾವುದರದ್ದಾದರೂ ಬೆಲೆ ಗೊತ್ತಾದರೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ಇಷ್ಟು ಕೊಟ್ಟು ತಂದ್ರಾ" ಎಂದು ಕೈ ತೊಳೆದು ಎದ್ದುಬಿಡುತ್ತಿದ್ದರು. ಅದಕ್ಕೇ ಬದುಕಿದ್ದಾಗಲೂ ದೊಡ್ಡವ್ವ ಚೀಟಿಗಳನ್ನೆಲ್ಲ ಮೊದಲೇ ಒಲೆಗೆ ಹಾಕುತ್ತಿದ್ದರು.

"ಕೆಂಪು ಪಟ್ಟಿದು ಯಾವುದಿತ್ತು?"

"ಎಲ್ಡೂ ಒಟ್ಟಿಗೇ ಕಿತ್ತೆ. ಒಂದೇ ತರಾ ಅವೆ, ನೀನೇ ನೋಡು."

ಒಂದೇ ತರ ಇದ್ದವು. ನಾನು ಮೂಸಿದೆ, ಅಕ್ಕ ಮೂಸಿದಳು, ದೊಡ್ಡವ್ವನೂ ಮೂಸಿದರು. ಹತ್ತಿಸದೆ ಯಾರಿಗೂ ಏನೂ ತಿಳಿಯಲಿಲ್ಲ. ಬಾಡಿನ ಮಸಾಲೆ ಅರೆದ ಕೈಗಳಲ್ಲಿ ಎಲ್ಲವೂ ಧನಿಯದ ವಾಸನೆಯೇ.

ಭಾವ ಕಂಬಕ್ಕೆ ಒರಗಿ ನೋಡುತ್ತಿದ್ದರು. "ಏನ್ ಭಾಮೈದ, ದುಬಾರಿ ದುಡ್ ಕೊಟ್ಟು ತಂದವ್ನಿಗೇ ಯಾವ್ದು ದುಬಾರಿ ಅಂತ ಗೊತ್ತಿಲ್ವಲ್ಲ. ಉಡುಗ್ರಿಗೆ ಇದ್ನೇ ಏಳ್ಕೊಡ್ತೀಯಾ?"

"ನೀವು ಸುಮ್ನಿರಿ ಭಾವ."

"ಸುಮ್ನೇ ಇವ್ನಿ. ಎಲ್ಡೂ ಅಚ್ಚು. ಮಾವ ಒಂದ್ ಬುಟ್ಟು ಒಂದ್ ತಗೋತಾರೆ."

"ಎಡೆಗೆ ಒಂದೇ" ಎಂದರು ದೊಡ್ಡವ್ವ. "ಸರಿ ಇಲ್ದಿದ್ರೆ ತೆಗ್ದು ಆಚಿಕ್ಕಡೆ ಇಡು."

ಎಡೆ ಇಟ್ಟಾಯಿತು. ದೀಪ ಹಚ್ಚಿದರು. ನಾನು ಮೊದಲ ಚುರುಟನ್ನು ತೆಗೆದುಕೊಂಡು, ಹಿಂದೆ ದೊಡ್ಡವ್ವ ಕರಟ ಹಿಡಿದು ಹೊಸ್ತಿಲಲ್ಲಿ ನಿಂತಿರುವುದನ್ನು ಬೆನ್ನಿನಲ್ಲೇ ನೋಡುತ್ತ, ಕಡ್ಡಿ ಗೀರಿದೆ. ಎಳೆದೆ. ಹೋದ ವರ್ಷದ ಹಸಿ ಮೆಣಸಿನಕಾಯಿ ಅದೇ ಜಾಗಕ್ಕೆ ಬಂದು ಕೂತಿತು. ಕಣ್ಣಲ್ಲಿ ನೀರು, ಕೆಮ್ಮು. ತಿರುಗಿ ನೋಡಿದೆ. ದೊಡ್ಡವ್ವ ಹೊಸ್ತಿಲಲ್ಲೇ ಇದ್ದರು. ಕರಟ ಎದೆಗೆ ಒತ್ತಿಕೊಂಡು ನಿಂತಿದ್ದರು. ಭಾವ ಬಂದು ಆ ಚುರುಟನ್ನು ನನ್ನ ಕೈಯಿಂದ ತೆಗೆದುಕೊಂಡು ಆಚೆ ಹೋದರು. ಆಗ ಅವರೂ ತಮಾಷೆ ಮಾಡಲಿಲ್ಲ.

ಎರಡನೆಯದು ಉಳಿಯಿತು. ಇದೂ ಹಾಗೇ ಆದರೆ ಮೂರನೆಯದಿಲ್ಲ. ಅಂಗಡಿಯವರು ನನಗೆ ಟೋಪಿ ಹಾಕಿದ್ದರೆ ಎಂಬುದರಿಂದ ಹಿಡಿದು ಮೊದಲನೆಯದೇ ಹಳೆಯದಾಗಿದ್ದರೆ ಎಂಬುದರವರೆಗೆ ಎಲ್ಲವನ್ನೂ ಕಡ್ಡಿ ಗೀರುವಷ್ಟರಲ್ಲಿ ಯೋಚಿಸಿ ಮುಗಿಸಿದೆ. ಹಚ್ಚಿದೆ. ಎಳೆದೆ.

ಕೆಮ್ಮು ಬರಲಿಲ್ಲ. ಹೊಗೆ ಬಾಯೊಳಗೆ ಬಂದು, ದೊಡ್ಡವರ ಮನೆಗೆ ಬಂದ ನೆಂಟನ ಹಾಗೆ ಮೆತ್ತಗೆ ಕೂತಿತು. ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸಿದ ಮೇಲೆ ದೂರದ ಗದ್ದೆಬಯಲಿಗೆ ತೇಲಿ ಬರುವ ಬೆಲ್ಲದ ವಾಸನೆ, ಹಳೆಯ ಮರದ ಪೆಟ್ಟಿಗೆಯ ವಾಸನೆ, ಕೊನೆಯಲ್ಲಿ ಎಲ್ಲೋ ಒಂದಿಷ್ಟು ಮೆಣಸು. ಹೊಸದರಲ್ಲಿ ಕಿರುಚುತ್ತಿದ್ದ ಎಲೆಯೇ ಇಲ್ಲಿ ಮಾತಾಡುತ್ತಿತ್ತು. ಅಷ್ಟು ವರ್ಷ ನಾನು ಕೆಮ್ಮದೆ ಇದ್ದದ್ದು ನನ್ನ ಧೈರ್ಯವಲ್ಲ, ದೊಡ್ಡಪ್ಪನ ತಾಳ್ಮೆ ಎಂದು ಆಗ ತಿಳಿಯಿತು. ಕಾಲದಿಂದ ಒಂದು ಎಲೆ ಇಷ್ಟು ಒಳ್ಳೆಯದಾಗಬಹುದೆಂದು ಗೊತ್ತಿದ್ದರೆ ವಯಸ್ಸಾಗುವುದಕ್ಕೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಹಿಂದಿನಿಂದ ಹೆಜ್ಜೆಯ ಸದ್ದಾಯಿತು. ದೊಡ್ಡವ್ವ ನನ್ನನ್ನು ದಾಟಿಕೊಂಡು ಎಡೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು. ಕರಟವನ್ನು ಎಡೆಯ ಬಾಳೆಎಲೆಯ ಬಲಕ್ಕೆ, ಮುದ್ದೆಗೆ ತಾಗದ ಹಾಗೆ ತಳ್ಳಿದರು. ನನ್ನ ಕೈಯಿಂದ ಚುರುಟನ್ನು ತೆಗೆದುಕೊಂಡು ಕರಟದ ಅಂಚಿಗೆ ಒರಗಿಸಿದರು.

"ಸಾರ್ಸಿದ್ ನೆಲ" ಎಂದರು. ನನಗಲ್ಲ. "ಬೂದಿ ಬೀಳಿಸ್‌ಬ್ಯಾಡಿ."

ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದೆವು. ಬಾಗಿಲ ಸಂದಿಯಿಂದ ಹೊಗೆಯ ವಾಸನೆ ನಿಧಾನಕ್ಕೆ ಬರುತ್ತಿತ್ತು. ದೊಡ್ಡವ್ವ ಬಾಗಿಲಿಗೆ ಬೆನ್ನು ಕೊಟ್ಟು, ಸೆರಗು ಸರಿಮಾಡಿಕೊಂಡು ಕೂತಿದ್ದರು. ಒಳಗೆ ಯಾರೋ ಊಟ ಮಾಡುತ್ತಿರುವಾಗ ಆಚೆ ಕಾಯುವವರು ಕೂರುವ ಹಾಗೆ.

ಬಾಗಿಲು ತೆಗೆದಾಗ ಚುರುಟು ತಾನಾಗಿ ಆರಿತ್ತು. ಬೂದಿ ಒಂದಿಷ್ಟೂ ಚೂರಾಗದೆ, ಬೆಳ್ಳಗೆ, ಕರಟದೊಳಗೇ ಬಿದ್ದಿತ್ತು. ದೊಡ್ಡವ್ವ ಬಗ್ಗಿ ನೋಡಿದರು.

"ಬದುಕಿದ್ದಾಗ ಒಂದಿನಾನೂ ನನ್ ಮಾತ್ ಕೇಳ್ನಿಲ್ಲ" ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ಉಣ್ಣಾಕ್ ಏಳಿ" ಎಂದರು.

ಸಾಲಾಗಿ ಕೂತೆವು. ದೊಡ್ಡವ್ವ ಮುದ್ದೆ ಮುರಿದು ಸಾರಿಗೆ ಅದ್ದಿದರು. ಅಷ್ಟು ಹೊತ್ತು ತಡೆದುಕೊಂಡಿದ್ದ ಭಾವನಿಗೆ ಇನ್ನು ತಡೆಯಲಾಗಲಿಲ್ಲ.

"ಈಗಾದ್ರೂ ಏಳು ಭಾಮೈದ, ಆ ಅಳೇದುಕ್ಕೆ ಎಷ್ಟ್ ಕೊಟ್ಟೆ?"

ನಾನು ಬಾಯಿ ತೆಗೆಯುವ ಮೊದಲೇ ದೊಡ್ಡವ್ವ ಎಡಗೈ ಎತ್ತಿ ತಡೆದರು.

"ಬೆಲೆ ಮಾತ್ ಎತ್‌ಬ್ಯಾಡಿ. ಇನ್ನೂ ಒಳ್ಗೇ ಅವ್ರೆ."